ಬಂದವರಿಗೆ ಕೊಡುವ ನೀರು

ಕುಬಿಹಾಳ ದಾಟಿ ಎರೆ ಹೊಲಗಳ ನಡುವಿನ ರಸ್ತೆ ಹಿಡಿದರೆ ಸಿಗುವ ಎರೆಬೂದಿಹಾಳದಲ್ಲಿ, ಮನೆಗೆ ಯಾರೇ ಬರಲಿ, ಮೊದಲು ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು. ಯಾಕೆ ಬಂದಿರಿ, ಎಲ್ಲಿಂದ ಬಂದಿರಿ ಎಂಬ ವಿಚಾರಣೆಯೆಲ್ಲ ಆಮೇಲೆ. ಬೇರೆ ಯಾವುದರಲ್ಲಿ ಒಗ್ಗಟ್ಟಿಲ್ಲದಿದ್ದರೂ ಇದೊಂದರಲ್ಲಿ ಇಡೀ ಊರು ಒಂದೇ. ಆದರೆ ಕೆಲವು ವರ್ಷಗಳಿಂದ ಈ ಮರ್ಯಾದೆಗೆ ಕುತ್ತು ಬಂದಿತ್ತು. ಚುನಾವಣೆ ಕೆಲಸಕ್ಕೆ ಬಂದ ಸಾಹೇಬರು, ಮನೆ ಲೆಕ್ಕ ಬರೆಯಲು ಬಂದ ಟೀಚರು, ಹೆಣ್ಣು ನೋಡಲು ಹುಬ್ಬಳ್ಳಿಯಿಂದ ಬಂದ ಬೀಗರು, ಎಲ್ಲರೂ ಬೆಲ್ಲ ಬಾಯಿಗೆ ಹಾಕಿಕೊಂಡು, ತಂಬಿಗೆಯೊಳಗೆ ಒಂದು ಸಲ ಇಣುಕಿ, ಅದನ್ನು ಮೆಲ್ಲಗೆ ಬಾಜೂಕೆ ಸರಿಸಿ, ತಮ್ಮ ಚೀಲದಿಂದ ಬಾಟಲಿ ತೆಗೆಯತೊಡಗಿದರು. ಕೊಟ್ಟ ನೀರು ಮುಟ್ಟದೆ ಎದ್ದು ಹೋಗುವುದೆಂದರೆ ನಮ್ಮ ಕಡೆ ಕಪಾಳಕ್ಕೆ ಹೊಡೆದ ಹಾಗೆ. ಊರಿನ ಹೆಂಗಸರು ಆ ಅವಮಾನ ನುಂಗಿಕೊಂಡು ಒಂದು ದಾರಿ ಹುಡುಕಿದರು. ಕುಂದಗೋಳದಿಂದ ಟೆಂಪೋದಲ್ಲಿ ಬರುವ ಮಷೀನ್ ನೀರಿನ ಕ್ಯಾನ್ ತರಿಸಿ, ಕಸೂತಿ ಹಾಕಿದ ಬಟ್ಟೆ ಹೊದಿಸಿ, ಪಡಸಾಲೆಯ ಮೂಲೆಯಲ್ಲಿ ಇಟ್ಟರು. ಬಂದವರಿಗೆ ಕ್ಯಾನಿನ ನೀರು, ಮನೆಯವರಿಗೆ ಬಾವಿಯದು. ಇದನ್ನು ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಒಬ್ಬರನ್ನು ನೋಡಿ ಒಬ್ಬರು ಕಲಿತರು.

ಬಾವಿಯ ಬಗ್ಗೆ ಊರಿಗೆ ಜಂಬವೇನೂ ಕಡಿಮೆಯಿರಲಿಲ್ಲ. ಸುತ್ತಲ ಊರುಗಳಲ್ಲಿ ಎಲ್ಲಿ ತೋಡಿದರೂ ಸವುಳು ನೀರು, ಬೇಳೆ ಬೇಯುವುದಿಲ್ಲ. ಇಲ್ಲಿ ಮಾತ್ರ ಊರ ಕೆಳಮಗ್ಗುಲಿಗೆ, ಮೆಣಸಿನಕಾಯಿ ಹೊಲಗಳು ಇಳಿಜಾರಾಗುವ ಜಾಗದಲ್ಲಿ, ಸೀನೀರ ಬಾವಿ. ಬಾಯಿಗೆ ಸಿಹಿ, ಕಣ್ಣಿಗೆ ತಿಳಿ. ಮೇಲಿನ ಹೊಲಗಳಿಗೆ ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಹೆಚ್ಚು ಯೂರಿಯಾ ಬೀಳುತ್ತಿತ್ತು. ಪಕ್ಕದವನು ಎರಡು ಚೀಲ ಹಾಕಿದರೆ ತಾನು ಮೂರು ಹಾಕದೆ ಯಾರಿಗೂ ನಿದ್ದೆ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಎರೆ ಭೂಮಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಗೊಬ್ಬರವನ್ನು ತೊಳೆದುಕೊಂಡು ಆ ಬಿರುಕಿನೊಳಗೆ ಹೊಕ್ಕರೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ವಿಚಾರ ಮಾಡಿರಲಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹಾಗಿರುವುದನ್ನು ಯಾರು ತಾನೆ ವಿಚಾರ ಮಾಡುತ್ತಾರೆ?

ವಿಚಾರ ಮಾಡುವವರು ದೂರದೇಶದಲ್ಲಿದ್ದರು. ಬೇಸಾಯಕ್ಕೆ ಹಾಕುವ ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣೆ ಎಲ್ಲ ಸೇರಿ ಲೋಕದ ಕುಡಿಯುವ ನೀರನ್ನು ಎಷ್ಟು ಕೆಡಿಸಿವೆ ಎಂದು ತಿಳಿಯಲು ಹತ್ತಾರು ದೇಶಗಳ ವಿಜ್ಞಾನಿಗಳು ಸೇರಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದ್ದರು. ಆಫ್ರಿಕಾದ ಹಳ್ಳಿ, ಬ್ರೆಜಿಲ್ಲಿನ ಹಳ್ಳಿ, ಚೀನಾದ ಹಳ್ಳಿಗಳ ಸಾಲಿನಲ್ಲಿ ಕುಂದಗೋಳ ತಾಲೂಕಿನ ಕೆಲವು ಹಳ್ಳಿಗಳೂ ಸೇರಿದವು. ಇಲ್ಲಿಯ ಕೆಲಸಕ್ಕೆ ಒಬ್ಬ ಸ್ಥಳೀಯ ಸಂಶೋಧಕಿ ಬೇಕಿತ್ತು. ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನಾಜಮೀನ್ ಅರ್ಜಿ ಹಾಕಿದಳು, ಆಯ್ಕೆಯಾದಳು. ಎರೆಬೂದಿಹಾಳದ ಬಾಬಾಸಾಬನ ಮಗಳು. ಊರಿನಲ್ಲಿ ಅಷ್ಟು ಓದಿದ ಮೊದಲ ಹುಡುಗಿ. ಅವಳ ತಾಯಿ ಜುಲೇಖಾಬಿ ಇಡೀ ಓಣಿಗೆ ಶಿರಕುರಮಾ ಹಂಚಿ, "ನಮ್ಮ ನಾಜೂ ದುನಿಯಾದ ನೀರು ನೋಡೂ ನೌಕರಿ ಹಿಡದಾಳ" ಎಂದು ಸಾರಿದ್ದಳು.

ಮೊದಲ ಸುತ್ತಿಗೆ ಸ್ವೀಡನ್ನಿನಿಂದ ಇಂಗ್ರಿಡ್ ಎಂಬ ವಿಜ್ಞಾನಿ ತಾನೇ ಬಂದಳು. ಎತ್ತರದ ಹೆಂಗಸು, ಬಿಸಿಲಿಗೆ ಕೆಂಪಾದ ಮೂಗು, ಯಾರು ಏನು ಕೊಟ್ಟರೂ ತಿನ್ನುವ ಧೈರ್ಯ. ಊರಿಗೆ ಅವಳು ಒಂದೇ ದಿನದಲ್ಲಿ "ಇಂಗ್ರಿ ಮೇಡಂ" ಆದಳು. ಮುಖ್ಯವಾಗಿ, ಕೊಟ್ಟ ನೀರನ್ನು ಅವಳು ಕುಡಿದಳು. ಮನೆಮನೆಯಲ್ಲೂ ಬೆಲ್ಲ ತಿಂದು, ತಂಬಿಗೆ ಎತ್ತಿ, ಒಂದು ಹನಿ ಬಿಡದೆ ಕುಡಿದಳು. ಹೆಂಗಸರಿಗೆ ಕಣ್ಣು ತುಂಬಿ ಬಂತು. ನಮ್ಮವರೇ ಮುಟ್ಟದೆ ಸರಿಸಿದ ತಂಬಿಗೆಯನ್ನು ಪರದೇಶದಾಕಿ ಎತ್ತಿ ಕುಡಿಯುವುದೆಂದರೆ ಸಣ್ಣ ಮಾತೇ?

ಕೆಲಸದ ನಿಯಮ ಕಟ್ಟುನಿಟ್ಟು. ಎಲ್ಲ ದೇಶಗಳಲ್ಲೂ ಒಂದೇ ರೀತಿ ಆಗಬೇಕೆಂದು ಯಾರೋ ಎಲ್ಲೋ ಮೇಜಿನ ಮುಂದೆ ಕೂತು ಮಾಡಿದ್ದು. ಬಾವಿ, ಕೆರೆ, ನಲ್ಲಿಗಳ ನೀರು ಬೇಡ, ಜನರ ಹೊಟ್ಟೆಗೆ ಹೋಗುವ ನೀರೇ ಬೇಕು. ಅದಕ್ಕೆ ಚೀಟಿ ಎತ್ತಿ ಮನೆಗಳನ್ನು ಆರಿಸಬೇಕು, ಸಂಜೆ ಸೀಲು ಮಾಡಿದ ಬಾಟಲಿ ಕೊಡಬೇಕು, ಮನೆಯವರು ತಾವು ಕುಡಿಯುವ ನೀರನ್ನು ತಾವೇ ತುಂಬಿ ಇಡಬೇಕು, ಬೆಳಿಗ್ಗೆ ಒಯ್ಯಬೇಕು. ತುಂಬುವಾಗ ಸಂಶೋಧಕರು ಬಾಟಲಿ ಮುಟ್ಟಬಾರದು, ಅಡುಗೆಮನೆಗೆ ಹೋಗಬಾರದು. ಚೀಟಿಯಲ್ಲಿ ನಾಜಮೀನ್‌ಳ ಮನೆಯೂ ಬಂತು. ಪಂಚಾಯ್ತಿ ಮೆಂಬರ್ ಶಂಭುಲಿಂಗಪ್ಪನ ಮನೆಯೂ ಬಂತು. ಮನೆಮನೆಗೆ ಹೋಗಿ ನಾಜಮೀನ್ ಬಿಡಿಸಿ ಹೇಳಿದಳು, "ನೀವು ದಿನಾ ಕುಡಿಯೂ ನೀರು ತುಂಬರಿ." ಎಲ್ಲರೂ "ಹೌದ್ರಿ, ಆತ್ರಿ" ಎಂದರು. ಶಂಭುಲಿಂಗಪ್ಪನ ಹೆಂಡತಿ ರೇವವ್ವ ಬಾಟಲಿಯನ್ನು ಸೆರಗಿನಿಂದ ಒರೆಸಿ ದೇವರ ಜಗಲಿಯ ಮೇಲೆ ಇಟ್ಟಳು. ಬೆಳಿಗ್ಗೆ ಎಲ್ಲ ಬಾಟಲಿಗಳೂ ತುಂಬಿ, ಮುಚ್ಚಳಕ್ಕೆ ಕುಂಕುಮದ ಬೆರಳಿನ ಗುರುತೋ ಅತ್ತರಿನ ವಾಸನೆಯೋ ಹತ್ತಿಸಿಕೊಂಡು, ಸಾಲಾಗಿ ಕಾಯುತ್ತಿದ್ದವು. ಇಂಗ್ರಿಡ್ ನಕ್ಕು, ಇಷ್ಟು ಶಿಸ್ತಿನ ಊರನ್ನು ತಾನು ಎಲ್ಲೂ ಕಂಡಿಲ್ಲವೆಂದಳು.

ಅದೇ ವರ್ಷದ ಚಳಿಗಾಲದಲ್ಲಿ ನಾಜಮೀನ್‌ಳ ಅಣ್ಣ ಹಾರೂನನ ಹೆಂಡತಿ ಸುಲ್ತಾನಾ ಹೆತ್ತಳು. ಹೆಣ್ಣು ಕೂಸು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಹುಟ್ಟಿದ್ದು. ಮನೆಗೆ ಬರುವಾಗಲೇ ಸುಲ್ತಾನಾಗೆ ಜ್ವರ ಹಿಡಿದು ಎದೆಹಾಲು ಬತ್ತಿಹೋಯಿತು. ಮೆಂತ್ಯೆ, ಸಬ್ಬಸಿಗೆ, ಬೆಳ್ಳುಳ್ಳಿ, ಜುಲೇಖಾಬಿಗೆ ಗೊತ್ತಿದ್ದ ಎಲ್ಲವನ್ನೂ ಮಾಡಿ ತಿನ್ನಿಸಿದರೂ ಹಾಲು ಬರಲಿಲ್ಲ. ಡಾಕ್ಟರು ಪುಡಿ ಹಾಲು ಬರೆದುಕೊಟ್ಟು, ಶುದ್ಧ ನೀರಿನಲ್ಲಿ ಕಲೆಸಿ ಕೊಡಿ ಎಂದರು. ಹಾಗಾಗಿ ಹಾರೂನ್ ಕ್ಯಾನುಗಳನ್ನು ಹೆಚ್ಚಿಗೆ ತರಿಸತೊಡಗಿದ. ಕೂಸಿಗೆ ಜಾಸ್ಮಿನ್ ಎಂದು ಹೆಸರಿಟ್ಟರು.

ಜಾಸ್ಮಿನ್ ಆ ಮನೆಯ ಜೀವವೇ ಆಗಿಹೋದಳು. ಮುನಿಸು ಮುಖದ ಬಾಬಾಸಾಬ ಹೊಲದಿಂದ ಬಂದವನು ಕೈಕಾಲು ತೊಳೆಯುವುದನ್ನೂ ಮರೆತು ತೊಟ್ಟಿಲ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಜುಲೇಖಾಬಿಗಂತೂ ಅದು ಬಿಟ್ಟು ಬೇರೆ ಲೋಕವಿರಲಿಲ್ಲ. ಸೊಸೆ ನಿಶ್ಶಕ್ತಳಾಗಿ ಮಲಗಿದ್ದರಿಂದ ಎರೆಯುವುದು, ಕುಡಿಸುವುದು, ಮಲಗಿಸುವುದು ಎಲ್ಲ ಅವಳದೇ. ಅವಳಿಗಿದ್ದ ಒಂದೇ ಚಿಂತೆಯೆಂದರೆ ಆ ಕ್ಯಾನಿನ ನೀರು. "ಮಷೀನಿನ್ಯಾಗ ಹಾಕಿ ಸತ್ವಾ ಎಲ್ಲಾ ಹಿಂಡಿ ತಗದ ನೀರು ಅದು. ಬಂದವರು ಒಂದ ಗುಟಕ ಕುಡದ ಹೋಗ್ತಾರ, ಅವರಿಗಿ ಏನಾಗಬೇಕಾಗೇತಿ? ಬೆಳಿಯೂ ಕೂಸಿಗಿ ಸತ್ತ ನೀರು ಕುಡಸ್ತಾರೇನ?" ಎಂದು ದಿನಾ ಗೊಣಗುತ್ತಿದ್ದಳು. ತನ್ನ ಮಕ್ಕಳಿಬ್ಬರನ್ನೂ ಆ ಬಾವಿಯ ನೀರಿನಲ್ಲೇ ದೊಡ್ಡವರನ್ನಾಗಿ ಮಾಡಿದವಳು ಅವಳು. ಅವರು ಎದೆಹಾಲು ಕುಡಿದು ಬೆಳೆದವರು ಎನ್ನುವುದು, ಆಗ ಹೊಲಕ್ಕೆ ಸಗಣಿಗೊಬ್ಬರ ಬಿಟ್ಟರೆ ಬೇರೆ ಬೀಳುತ್ತಿರಲಿಲ್ಲ ಎನ್ನುವುದು ಆ ಲೆಕ್ಕಕ್ಕೆ ಬರಲಿಲ್ಲ.

ಅಷ್ಟರಲ್ಲಿ ವರದಿ ಬಂತು. ಅದಕ್ಕಿಂತ ಸ್ವಲ್ಪ ಮೊದಲು ಇಂಗ್ರಿಡ್ ಒಂದು ಮೇಲ್ ಕಳಿಸಿದ್ದಳು. ನಿಮ್ಮೂರಿನ ನೀರಿನಲ್ಲಿ ಲವಣ ಬಹಳ ಕಡಿಮೆ ಇದೆ, ಕಪ್ಪು ಮಣ್ಣಿನ ನಾಡಿನಲ್ಲಿ ಇದು ಆಶ್ಚರ್ಯ, ಇದಕ್ಕೆ ಕಾರಣವೇನಾದರೂ ಗೊತ್ತೇ ಎಂದು ಕೇಳಿದ್ದಳು. ನಾಜಮೀನ್ ಓದಿದವಳು. ಆ ಅಂಕಿ ಮಳೆನೀರಿನದೋ ಮಷೀನ್ ನೀರಿನದೋ ಇದ್ದ ಹಾಗಿದೆ ಎಂದು ಅವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವಳಿಗೆ ಹೊಳೆದದ್ದು ಹುಟ್ಟಿದಾಗಿನಿಂದ ಕೇಳಿದ ಊರಿನ ಜಂಬ. ನಮ್ಮದು ಸೀನೀರ ಬಾವಿ, ಸುತ್ತಲ ಊರಿನಂಥದಲ್ಲ ಎಂದು ಎರಡು ಸಾಲು ಬರೆದು ಕಳಿಸಿದಳು. ಇಂಗ್ರಿಡ್ ಅದನ್ನೇ ಟಿಪ್ಪಣಿಯಲ್ಲಿ ಸೇರಿಸಿದಳು. ವರದಿಯಲ್ಲಿ ಎರೆಬೂದಿಹಾಳದ ಎದುರು, ಗೊಬ್ಬರದಿಂದ ನೀರಿಗೆ ಇಳಿಯುವ ನೈಟ್ರೇಟ್ ಅತ್ಯಲ್ಪ, ಅಪಾಯವಿಲ್ಲ ಎಂದಿತ್ತು. ಪಕ್ಕದ ಹಳ್ಳಿಗಳದ್ದೂ ಹೆಚ್ಚುಕಡಿಮೆ ಹಾಗೇ ಇತ್ತು. ಅದು ಯಾರಿಗೂ ಅನುಮಾನ ಹುಟ್ಟಿಸಲಿಲ್ಲ.

ಶಂಭುಲಿಂಗಪ್ಪ ಸುಮ್ಮನಿರುವ ಆಸಾಮಿಯಲ್ಲ. ವಾರದೊಳಗೆ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. ಮೇಲೆ ಭೂಗೋಳದ ಚಿತ್ರ, ನಡುವೆ ಬಾವಿ, ಬಾವಿಗಿಂತ ದೊಡ್ಡದಾಗಿ ಕೈಮುಗಿದ ಶಂಭುಲಿಂಗಪ್ಪ. "ನಮ್ಮೂರ ನೀರು ಜಗತ್ತಿನಲ್ಲೇ ಶುದ್ಧ. ಅಂತಾರಾಷ್ಟ್ರೀಯ ವಿಜ್ಞಾನಿಗಳ ಪ್ರಮಾಣ." ಮೂಲೆಯಲ್ಲಿ ಚಿಕ್ಕದಾಗಿ ನಾಜಮೀನ್‌ಳ ಫೋಟೋ. ಅವಳಿಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು. ಹುಡುಗಿಯನ್ನು ಇಷ್ಟು ಓದಿಸಿ ಏನು ಮಾಡುತ್ತೀ ಎಂದು ಬಾಬಾಸಾಬನನ್ನು ಕಿಚಾಯಿಸುತ್ತಿದ್ದವರೆಲ್ಲ ಆ ಫ್ಲೆಕ್ಸಿನ ಕೆಳಗೇ ಚಹಾ ಕುಡಿಯುತ್ತಿದ್ದರು.

ಆ ದಿನ ಜುಲೇಖಾಬಿ ಮಗಳನ್ನು ತೊಟ್ಟಿಲ ಮುಂದೆ ಕೂರಿಸಿಕೊಂಡು ಕೇಳಿದಳು. "ಖರೇ ಹೇಳು ನಾಜೂ. ನಮ್ಮ ಬಾವೀ ನೀರು ಛಲೋ ಐತಿ ಅಂತ ಅವರು ಬರದಾರೇನು?"

"ಬರದಾರ ಅಮ್ಮೀ. ಅಗದಿ ಛಲೋ ಐತಿ ಅಂತ."

"ಹಂಗಾದ್ರ ಕೂಸಿಗಿ ಕೊಡಬಹುದಲಾ?"

ಮಲಗಿದ್ದಲ್ಲಿಂದಲೇ ಸುಲ್ತಾನಾ, "ಡಾಕ್ಟರ್ ಕ್ಯಾನಿಂದ ಕೊಡ್ರಿ ಅಂದಿದ್ರಲಾ" ಎಂದಳು.

"ಡಾಕ್ಟರ್ ಶುದ್ಧ ನೀರು ಕೊಡ್ರಿ ಅಂದಾರ ಭಾಬೀ. ಇದು ಶುದ್ಧ ಅಂತ ಈಗ ಗೊತ್ತಾತಲಾ. ಕುದಿಸಿ ಆರಿಸಿ ಕೊಟ್ರ ಏನೂ ಆಗೂದಿಲ್ಲ," ಎಂದಳು ನಾಜಮೀನ್. ಹಾಗೆ ಹೇಳುವಾಗ ಅವಳು ಕೂಸಿನ ಅಂಗಾಲಿಗೆ ಕಚಗುಳಿ ಇಡುತ್ತಿದ್ದಳು. ಸುಲ್ತಾನಾ ಗೋಡೆಯ ಕಡೆಗೆ ಮಗ್ಗುಲಾದಳು. ನಾದಿನಿಯ ಓದಿನ ಮುಂದೆ ಅವಳದು ಎಷ್ಟರ ಮಾತು?

ಮರುದಿನದಿಂದ ಟೆಂಪೋದವನಿಗೆ ಕ್ಯಾನ್ ಬೇಡವೆಂದರು. ಜುಲೇಖಾಬಿ ನಸುಕಿನಲ್ಲೇ ಎದ್ದು ತಾನೇ ಬಾವಿಗೆ ಹೋಗಿ ನೀರು ಸೇದಿ ತಂದಳು. ಬಿಳಿ ಪಂಜೆಯನ್ನು ನಾಲ್ಕು ಪದರು ಮಾಡಿ ಸೋಸಿದಳು. ಕೂಸಿಗೆ ಕೊಡುವ ನೀರಲ್ಲವೇ, ಒಂದು ಉಕ್ಕು ಬಂದರೆ ಸಾಲದು ಎಂದು, ಪಾತ್ರೆಯ ನೀರು ಅರ್ಧಕ್ಕೆ ಇಳಿಯುವ ತನಕ ಕುದಿಸಿದಳು. ಕುದಿಸಿದರೆ ಹುಳ ಸಾಯುತ್ತದೆ. ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಪ್ರೀತಿ ಹೆಚ್ಚಿದಷ್ಟೂ ಹೆಚ್ಚು ಹೊತ್ತು ಕುದಿಸಿದಳು.

ಮೊದಲು ಜಾಸ್ಮಿನ್ ಅಳುವುದನ್ನು ಕಡಿಮೆ ಮಾಡಿದಳು. ಬಾವೀ ನೀರಿಗೆ ಕೂಸು ತಣ್ಣಗಾಯಿತು ಎಂದು ಜುಲೇಖಾಬಿ ಖುಷಿಪಟ್ಟಳು. ಆಮೇಲೆ ಕೂಸು ಬಾಟಲಿಯನ್ನು ಅರ್ಧಕ್ಕೇ ಬಿಟ್ಟು ನಿದ್ದೆ ಹೋಗತೊಡಗಿತು. ಒಂದು ಬೆಳಿಗ್ಗೆ ಎರೆಯಲು ಬಟ್ಟೆ ಬಿಚ್ಚಿದಾಗ ಸುಲ್ತಾನಾ ಕಿರುಚಿದಳು. ಕೂಸಿನ ತುಟಿ ನೇರಳೆ ಹಣ್ಣು ತಿಂದಂತೆ ಇತ್ತು. ಉಗುರುಗಳು ನೀಲಿ. ಮೈ ಬೂದಿಯ ಬಣ್ಣ.

ಹಾರೂನ್ ಯಾರದೋ ಕಾರು ತಂದ. ಸುಲ್ತಾನಾ, ನಾಜಮೀನ್ ಕೂಸನ್ನು ಎತ್ತಿಕೊಂಡು ಕೂತರು. ಜುಲೇಖಾಬಿ ಬಾಗಿಲಲ್ಲಿ ನಿಂತು, "ಬಾಟ್ಲಿಗಂತ ನೀರು ಹಾಕೀನಿ, ದಾರ್ಯಾಗ ಅತ್ರ ಕುಡಸ್ರಿ" ಎಂದು ಫ್ಲಾಸ್ಕು ಕೊಟ್ಟಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತುರ್ತು ವಿಭಾಗದ ಡಾಕ್ಟರು ಕೂಸಿಗೆ ಆಕ್ಸಿಜನ್ ಹಚ್ಚಿಸಿ ಸ್ವಲ್ಪ ಹೊತ್ತು ನೋಡಿದ. ಬಣ್ಣ ತಿರುಗಲಿಲ್ಲ. ಅವನು ದಡ್ಡನಲ್ಲ. ಕೇಳಬೇಕಾದ್ದನ್ನೇ ಮೊದಲು ಕೇಳಿದ. "ಎದಿ ಹಾಲೋ, ಪುಡಿ ಹಾಲೋ? ನೀರು ಯಾವುದು? ಬೋರಿಂದೋ ಬಾವೀದೋ?"

"ಬಾವೀದು," ಎಂದಳು ನಾಜಮೀನ್. ಅವನು ಏನನ್ನು ಅನುಮಾನಿಸುತ್ತಿದ್ದಾನೆ ಎಂದು ಅವಳಿಗೆ ತಕ್ಷಣ ತಿಳಿಯಿತು. ಅಧ್ಯಯನದ ಮೊದಲ ತರಬೇತಿಯಲ್ಲೇ ಅದನ್ನು ಹೇಳಿಕೊಟ್ಟಿದ್ದರು. ನೀರಿನಲ್ಲಿ ನೈಟ್ರೇಟ್ ಹೆಚ್ಚಾದರೆ ಪುಟ್ಟ ಕೂಸಿನ ರಕ್ತಕ್ಕೆ ಉಸಿರು ಹೊರುವ ಶಕ್ತಿ ಹೋಗುತ್ತದೆ, ಕೂಸು ನೀಲಿಯಾಗುತ್ತದೆ. ಅದಕ್ಕೇ ಅವಳು ಗಡಬಡಿಸಿ ಫೋನ್ ತೆಗೆದಳು. "ಆದ್ರ ಅದು ಅಲ್ಲ ಡಾಕ್ಟರ್. ನಮ್ಮ ಊರ ನೀರು ಟೆಸ್ಟ್ ಆಗೇತಿ. ನಾನು ಆ ಪ್ರಾಜೆಕ್ಟಿನ್ಯಾಗ ಕೆಲಸ ಮಾಡ್ತೀನಿ. ನೋಡ್ರಿ, ಸ್ವೀಡನ್ ಲ್ಯಾಬಿನ ವರದಿ. ನೈಟ್ರೇಟ್ ಇಲ್ಲ ಅನ್ನೂವಷ್ಟ ಕಡಿಮಿ."

ಡಾಕ್ಟರು ಅಂಕಿ ನೋಡಿದ, ಲ್ಯಾಬಿನ ಹೆಸರು ನೋಡಿದ, ಅವಳ ಕೊರಳಲ್ಲಿದ್ದ ಗುರುತಿನ ಚೀಟಿ ನೋಡಿದ. "ಹಂಗಾದ್ರ ಹಾರ್ಟ್ ಇರಬೇಕು," ಎಂದ. ಹೃದಯದ ಸ್ಕ್ಯಾನ್ ಇನ್ನೊಂದು ಕಟ್ಟಡದಲ್ಲಿ. ಅಲ್ಲಿ ಸರದಿ, ಮಷೀನಿನವರು ಇನ್ನೂ ಬಂದಿಲ್ಲ. ಕೂಸನ್ನು ಎದೆಗವಚಿಕೊಂಡು ಸುಲ್ತಾನಾ ಬೆಂಚಿನ ಮೇಲೆ ಕೂತಳು. ಆಕ್ಸಿಜನ್ ಸಿಲಿಂಡರನ್ನು ಹಾರೂನ್ ಹಿಡಿದು ನಿಂತ.

ಕಾಯುತ್ತಿದ್ದಾಗ ನರ್ಸು ಬಂದು ಪರೀಕ್ಷೆಗೆಂದು ಕೂಸಿನ ರಕ್ತ ತೆಗೆದಳು. ಸೂಜಿ ಚುಚ್ಚಿದಲ್ಲಿ ಒತ್ತಿ ಹಿಡಿ ಎಂದು ಹತ್ತಿಯನ್ನು ನಾಜಮೀನ್‌ಳ ಕೈಗೆ ಕೊಟ್ಟು ಹೋದಳು. ಹತ್ತಿಯ ಮೇಲೆ ಹತ್ತಿದ ರಕ್ತ ಕೆಂಪಾಗಿರಲಿಲ್ಲ, ಕಂದು ಇತ್ತು, ಚಾಕಲೇಟು ಕರಗಿದ ಹಾಗೆ. ಗಾಳಿಗೆ ಹಿಡಿದಳು. ಕೆಂಪಾಗಲಿಲ್ಲ. ಹೃದಯದ ರೋಗವಾದರೆ ಗಾಳಿ ತಾಕಿದ ಕೂಡಲೇ ರಕ್ತ ಕೆಂಪಾಗಬೇಕು. ಆಗದಿದ್ದರೆ ಅದಕ್ಕೆ ಇರುವ ಕಾರಣ ಅವಳಿಗೆ ಗೊತ್ತಿತ್ತು. ಆದರೆ ವರದಿ? ಲವಣ ಯಾಕಿಷ್ಟು ಕಡಿಮೆ ಎಂದು ಇಂಗ್ರಿಡ್ ಕೇಳಿದ್ದು ಆಗ ನೆನಪಾಯಿತು. ಕಾರಿಡಾರಿನ ಮೂಲೆಗೆ ಓಡಿ ಮನೆಗೆ ಫೋನ್ ಹಚ್ಚಿದಳು.

"ಅಮ್ಮೀ, ಇಂಗ್ರಿಡ್ ಬಾಟ್ಲಿ ಕೊಟ್ಟಿದ್ಲಲಾ, ಅದರಾಗ ನೀ ಯಾವ ನೀರು ತುಂಬಿದಿ?"

"ಕೂಸು ಹೆಂಗೈತಿ, ಮೊದಲ ಅದನ್ನ ಹೇಳು ಬೇ."

"ಅಮ್ಮೀ, ಯಾವ ನೀರು ತುಂಬಿದಿ ಹೇಳು!"

"ಕ್ಯಾನಿಂದ. ಮತ್ತ್ಯಾವುದು? ಅಷ್ಟ ದೂರದಿಂದ ಬಂದಾಕಿ, ನಮ್ಮ ಮನೀ ಬೆಲ್ಲಾ ತಿಂದಾಕಿ. ಅಕಿಗಿ ಕೊಡದಾಗಿನ ಬಾವೀ ನೀರು ಕೊಡ್ತಾರೇನ? ನಿನ್ನ ಮಾನಾ ಹೋಗೂದಿಲ್ಲೇನ ನಾಜೂ?"

ನಾಜಮೀನ್ ಫೋನ್ ಕಟ್ ಮಾಡಿ ಓಡಿದಳು. ಡಾಕ್ಟರನನ್ನು ಬೇರೆ ರೋಗಿಯ ಹಾಸಿಗೆಯಿಂದ ತೋಳು ಹಿಡಿದು ಎಳೆದಳು. ವರದಿ ಸುಳ್ಳು, ನೀರು ಬೇರೆಯದು ಎಂದಳು. ಅವನು ಒಂದು ಕ್ಷಣ ಅವಳ ಮುಖ ನೋಡಿ, ಬೈಯಲೂ ಇಲ್ಲ, ಓಡಿದ. ಇಂಥದ್ದಕ್ಕೆ ಮದ್ದು ಇದೆ. ನೀಲಿ ಬಣ್ಣದ ಒಂದು ಇಂಜೆಕ್ಷನ್. ಅಪರೂಪಕ್ಕೆ ಬೇಕಾಗುವುದರಿಂದ ಆ ಆಸ್ಪತ್ರೆಯಲ್ಲಿ ಇಟ್ಟಿರಲಿಲ್ಲ. ಹುಬ್ಬಳ್ಳಿಯ ಇನ್ನೊಂದು ತುದಿಯಿಂದ ತರಿಸಬೇಕಾಯಿತು. ಹಾರೂನ್ ತಾನೇ ಹೋದ. ಮದ್ದು ಹಿಡಿದುಕೊಂಡು ಅವನು ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಡಾಕ್ಟರು ಕೂಸಿನ ಎದೆಯನ್ನು ಎರಡು ಬೆರಳಲ್ಲಿ ಒತ್ತುವುದನ್ನು ನಿಲ್ಲಿಸಿದ್ದ. ಮುಂಜಾನೆ ಅವನು ಮೊದಲ ಪ್ರಶ್ನೆ ಕೇಳಿದಾಗಲೇ ಆ ಮದ್ದಿಗೆ ಕಳಿಸಿದ್ದರೆ ಸಾಕಷ್ಟು ಸಮಯವಿತ್ತು.

ಹಾರೂನನಿಗೆ ಯಾರೋ ಹಾರ್ಟು ಅಂದದ್ದು ಕಿವಿಯಲ್ಲಿ ಉಳಿದಿತ್ತು. ಮದ್ದು ಹಾರ್ಟಿನದೇ ಎಂದು ತಿಳಿದಿದ್ದ. ಫೋನಿನಲ್ಲಿ ಅಪ್ಪನಿಗೆ ಹಾಗೇ ಹೇಳಿದ. ಊರು ತಲುಪುವಷ್ಟರಲ್ಲಿ ಕೂಸಿನ ಹೃದಯದಲ್ಲಿ ತೂತು ಇತ್ತಂತೆ ಎಂಬುದು ಊರಿನ ಮಾತಾಗಿತ್ತು. ನಾಜಮೀನ್ ತಿದ್ದಲಿಲ್ಲ. ದಫನ್ ಮುಗಿಸಿ ಗಂಡಸರು ಬಂದರು. ಜುಲೇಖಾಬಿ ತೊಟ್ಟಿಲ ಹಗ್ಗ ಹಿಡಿದು, "ಅಲ್ಲಾ ಕೊಟ್ಟಾಗ ತೂತು ಇಟ್ಟ ಕೊಟ್ನಲೇ, ನಾ ಹೆಂಗ ಮುಚ್ಚಲಿ" ಎಂದು ಅತ್ತಳು. ಆ ಅಳುವಿಗೆ ದೇವರ ಮೇಲೆ ಸಿಟ್ಟು ಮಾಡುವ ಸುಖವಾದರೂ ಇತ್ತು. ಅದನ್ನು ಕಿತ್ತುಕೊಂಡು ಅವಳ ಕೈಗೆ ಏನು ಕೊಡುವುದು?

ಮರುದಿನ ನಾಜಮೀನ್ ಧಾರವಾಡದ ಗೆಳತಿಯಿಂದ ನೈಟ್ರೇಟ್ ಪರೀಕ್ಷೆಯ ಕಾಗದದ ಪಟ್ಟಿಗಳನ್ನು ತರಿಸಿಕೊಂಡು ಬಾವಿಗೆ ಹೋದಳು. ಕೊಡದಲ್ಲಿ ಅದ್ದಿದ ಪಟ್ಟಿ ನೋಡುನೋಡುತ್ತ ಗುಲಾಬಿ ಬಣ್ಣಕ್ಕೆ ತಿರುಗಿ, ಡಬ್ಬಿಯ ಮೇಲಿದ್ದ ಕೊನೆಯ ಬಣ್ಣವನ್ನೂ ದಾಟಿ ಗಾಢವಾಯಿತು. ಬಾವಿಕಟ್ಟೆಯ ಮೇಲೆ ಕೂತೇ ಇಂಗ್ರಿಡ್‌ಗೆ ಬರೆದಳು. ಬಾಟಲಿಗಳಲ್ಲಿ ಇದ್ದದ್ದು ಅತಿಥಿಗಳ ನೀರು, ನಮ್ಮ ನೀರಲ್ಲ. ನಮ್ಮೂರಿನ ಅಂಕಿಗಳನ್ನು ತೆಗೆದುಹಾಕಿ. ನನ್ನ ಅಣ್ಣನ ಮಗಳು ತೀರಿಕೊಂಡಳು. ಇಂಗ್ರಿಡ್ ತಕ್ಷಣ ಉತ್ತರಿಸಿದಳು. ಸಮಾಧಾನದ ಮಾತುಗಳ ಕೊನೆಗೆ, ಉಳಿದ ದೇಶಗಳಲ್ಲೂ ಹೀಗೆ ಆಗಿರಬಹುದೇ ಎಂದು ತನಗೀಗ ಭಯವಾಗುತ್ತಿದೆ ಎಂದಿದ್ದಳು. ಆಗದೆ ಏನು? ಮನೆ ಬಾಗಿಲಿಗೆ ಬಂದವರಿಗೆ ತಮ್ಮ ಕೆಟ್ಟ ನೀರನ್ನು ಕೊಡುವ ಜನ ಯಾವ ದೇಶದಲ್ಲಿದ್ದಾರೆ?

ಊರಿಗೆ ಹೇಳಬೇಕು ಎಂದು ನಾಜಮೀನ್‌ಗೆ ಗೊತ್ತಿತ್ತು. ದೊಡ್ಡವರಿಗೆ ಒಮ್ಮೆಗೇ ಏನೂ ಆಗುವುದಿಲ್ಲ, ಬಾಟಲಿ ಹಾಲಿನ ಕೂಸು ಊರಲ್ಲಿ ಬೇರೆ ಇಲ್ಲ, ಮೂರನೇ ದಿನದ ಜಿಯಾರತ್ ಮುಗಿದ ಮೇಲೆ ಶಂಭುಲಿಂಗಪ್ಪನೊಬ್ಬನಿಗೇ ಗುಟ್ಟಾಗಿ ಹೇಳಿ ಬಾವಿ ಮುಚ್ಚಿಸಿದರಾಯಿತು, ಅಮ್ಮಿಯ ಕಿವಿಗೆ ಬೀಳುವುದು ಬೇಡ ಎಂದು ಲೆಕ್ಕ ಹಾಕಿದಳು. ಹೇಡಿತನಕ್ಕೂ ಒಮ್ಮೊಮ್ಮೆ ಒಳ್ಳೆಯ ಕಾರಣಗಳು ಸಿಗುತ್ತವೆ.

ಜಿಯಾರತಿನ ದಿನ ಪಡಸಾಲೆಯ ತುಂಬ ಹೆಂಗಸರು ಕೂತಿದ್ದರು. ಜುಲೇಖಾಬಿ ಸುಲ್ತಾನಾಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿದ್ದಳು. ಕೂಸು ಹೋದಾಗಿನಿಂದ ಅತ್ತೆ ಆ ಕೈಯನ್ನು ಬಿಟ್ಟಿರಲಿಲ್ಲ. ಪಕ್ಕದ ಮನೆಯ ಖಾದರಬಿ ಚಹಾ ಹಂಚುತ್ತಿದ್ದಳು. ರೇವವ್ವ ಬಂದು ಜುಲೇಖಾಬಿಯ ಬಾಜೂಕೆ ಕೂತು ಬಹಳ ಹೊತ್ತು ಅತ್ತಳು. ಅವಳ ಅಳು ಸೋಗಿನದಲ್ಲ. ಅವಳ ಸೊಸೆ ಸವಿತಾ ಹೆತ್ತದ್ದೂ ಅದೇ ಚಳಿಗಾಲದಲ್ಲಿ. ಎರಡೂ ಕೂಸುಗಳ ಕಣ್ಣಿಗೆ ಒಂದೇ ಡಬ್ಬಿಯ ಕಾಡಿಗೆ ಹಚ್ಚಿದ್ದರು. ಏಳುವ ಹೊತ್ತಿಗೆ ರೇವವ್ವ ಕಣ್ಣೊರೆಸಿಕೊಂಡು, ಏನೋ ಒಂದು ಮಾತಾಡಬೇಕಲ್ಲ ಎಂದು ಹೇಳಿದಳು.

"ನಮ್ಮ ಸವಿತಾಗೂ ಹಾಲು ಸಾಲವಲ್ದು ಜುಲೇಖಾ. ನಿನ್ನೆಯಿಂದ ನಾವೂ ಪುಡಿ ಹಾಲು ಚಾಲೂ ಮಾಡೇವಿ. ಬಾವೀ ನೀರು ನೀ ಹೆಂಗ ಕುದಿಸಿ ಕೊಡ್ತಿದ್ದಿ, ಹಂಗ ಕುದಿಸಿ ಕೊಡಾಕತ್ತೀನಿ."

ನಾಜಮೀನ್ ಒಳಗಿನಿಂದ ತಟ್ಟೆ ಹಿಡಿದು ಬರುತ್ತಿದ್ದಳು. ತಟ್ಟೆಯನ್ನು ಕೆಳಗಿಟ್ಟಳು. ರೇವವ್ವನನ್ನು ಹಿತ್ತಲಿಗೆ ಕರೆದು ಹೇಳಿದರೆ ನಂಬುತ್ತಾಳೆಯೇ? ಫ್ಲೆಕ್ಸ್ ಕಟ್ಟಿಸಿದ್ದೇ ಅವಳ ಗಂಡ. ದುಃಖಕ್ಕೆ ಹುಡುಗಿಯ ತಲೆ ಕೆಟ್ಟಿದೆ ಎಂದುಕೊಂಡು ಮನೆಗೆ ಹೋಗಿ ಮಧ್ಯಾಹ್ನದ ಬಾಟಲಿ ಕಲೆಸುತ್ತಾಳೆ. ತಾಯಿಯ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ನೋಡಲಿಲ್ಲ.

"ರೇವವ್ವಕ್ಕಾ, ಇಂಗ್ರಿ ಮೇಡಂಗ ಬಾಟ್ಲಿ ತುಂಬಿ ಕೊಟ್ರೆಲ್ಲಾ, ಯಾವ ನೀರು ತುಂಬಿದ್ರಿ?"

"ಈಗ್ಯಾಕ ಬೇ ಅದು?"

"ಹೇಳ್ರಿ."

"ಕ್ಯಾನಿಂದು. ಬಂದವರಿಗಿ ಯಾವುದು ಕೊಡ್ತೀವಿ, ಅದು."

"ಚಾಚೀ, ನೀವು?"

ಖಾದರಬಿ ಚಹಾದ ಕಿಟ್ಲಿ ಹಿಡಿದುಕೊಂಡೇ ನಿಂತಳು. "ನಾವೂ ಕ್ಯಾನಿಂದ. ನಮ್ಮ ಮನ್ಯಾಗ ಅವತ್ತ ತೀರಿತ್ತು, ಇವರ ಮನೀಂದ ಇಸಗೊಂಡ ತುಂಬೀನಿ." ಮೂಲೆಯಿಂದ ಇನ್ನೊಬ್ಬಳು, ನಾವೂ ಎಂದಳು. ಅವಳ ಆಚೆಯವಳೂ ತಲೆಯಾಡಿಸಿದಳು.

"ಹಂಗಾದ್ರ ನಮ್ಮ ಬಾವೀ ನೀರು ಯಾರೂ ಟೆಸ್ಟ್ ಮಾಡಿಲ್ಲ," ಎಂದಳು ನಾಜಮೀನ್. "ನಾ ಮಾಡೀನಿ. ನಿನ್ನೆ. ಅದರಾಗ ಹೊಲದ ಯೂರಿಯಾ ಇಳದೇತಿ. ದೊಡ್ಡವರಿಗಿ ಗೊತ್ತಾಗೂದಿಲ್ಲ. ಕೂಸಿಗಿ ಕೊಟ್ರ ರಕ್ತ ಕೆಡತೈತಿ, ಮೈ ನೀಲಿ ಆಗತೈತಿ. ಕುದಿಸಿದ್ರ ಮತ್ತಷ್ಟ ಹೆಚ್ಚಾಗತೈತಿ. ಜಾಸ್ಮಿನ್ನ ಎದ್ಯಾಗ ತೂತು ಇರಲಿಲ್ಲ. ವರದಿ ನೋಡಿ ಕೊಡ್ರಿ ಅಂದಾಕಿ ನಾನ. ಡಾಕ್ಟರ್ ನೀರಿನ ಮ್ಯಾಲ ಸಂಶೆ ಪಟ್ಟಾಗ, ಅದಲ್ಲ ಅಂದಾಕೀನೂ ನಾನ. ರೇವವ್ವಕ್ಕಾ, ಈಗ ಹೋಗ್ರಿ. ಆ ನೀರು ಚೆಲ್ಲರಿ. ಸವಿತಾನ ಕೂಸಿನ ತುಟಿ ಕಪ್ಪಾಗೇತೇನ ನೋಡ್ರಿ, ಆಗಿದ್ರ ಈಗಿಂದೀಗ ಹುಬ್ಬಳ್ಳಿಗಿ ಹೋಗೂಣು, ನಾನೂ ಬರ್ತೀನಿ."

ರೇವವ್ವ ಚಪ್ಪಲಿ ಮೆಟ್ಟಲಿಲ್ಲ. ಬರಿಗಾಲಲ್ಲಿ ಅಂಗಳ ದಾಟಿ, ಆ ದಪ್ಪ ಮೈ ಹೊತ್ತು ಓಡಿದಳು. ದಾರಿಯುದ್ದಕ್ಕೂ ಸವಿತಾ, ಸವಿತಾ ಎಂದು ಕೂಗುವುದು ಕೇಳಿಸಿತು.

ಸುಲ್ತಾನಾ ಅತ್ತೆಯ ಮಡಿಲಿನಿಂದ ತನ್ನ 
ಕೈಯನ್ನು ಮೆಲ್ಲಗೆ ಎಳೆದುಕೊಂಡಳು. ಎದ್ದು, ಗೋಡೆ ಹಿಡಿದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಜುಲೇಖಾಬಿ ಖಾಲಿಯಾದ ಮಡಿಲನ್ನು ನೋಡುತ್ತ ಕೂತಳು. ಅಳಲಿಲ್ಲ. ಆಮೇಲೆ ತಲೆ ಎತ್ತಿ ಮಗಳನ್ನು ಕೇಳಿದಳು.

"ನನ್ನ ಮುಂದ ಹೇಳದ ಇರಾಕ ಆಗತಿರಲಿಲ್ಲೇನ ನಾಜೂ?"

"ಸವಿತಾನ ಕೂಸು ಐತೆಲ್ಲಾ ಅಮ್ಮೀ."

"ಹೌದು," ಎಂದಳು ಜುಲೇಖಾಬಿ. "ಅದು ಐತಿ."